ಸಾತಳ್ಳಿಯ ದೊಡ್ಡ ಸ್ವಾಮಿಯವರು

ಮೂಡಿಗೆರೆಯಿಂದ ಕಳಸದವರೆಗಿನ ನಮ್ಮ ಕಾಫಿ ಸೀಮೆಯಲ್ಲಿ ಇಗರ್ಜಿಗಳು ಅಲ್ಲಲ್ಲಿ ಕಾಣುವುವು. ಅವುಗಳನ್ನು ನೋಡಿದವರು ಕ್ರೈಸ್ತಮತವು ಈ ಬೆಟ್ಟಗಳಿಗೆ ಕಾಫಿಗಿಡದ ಬೆನ್ನುಹಿಡಿದು, ದೊರೆಗಳ ಕುದುರೆಯ ಹಿಂದೆ ಬಂದಿತೆಂದು ಭಾವಿಸುವುದು ಸಹಜವೇ. ಘಟ್ಟದ ಕೆಳಗಿನಿಂದ ಕೆಲಸಕ್ಕಾಗಿ ಏರಿಬಂದ ಕೊಂಕಣಿ ಕುಟುಂಬಗಳ ವಿಷಯದಲ್ಲಿ ಅದು ತಕ್ಕಮಟ್ಟಿಗೆ ನಿಜವೂ ಹೌದು. ಆದರೆ 1963ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಏರ್ಪಟ್ಟ ಚಿಕ್ಕಮಗಳೂರು ಧರ್ಮಪ್ರಾಂತಕ್ಕೆ ಹಾಸನ ಸೀಮೆಯೂ ಸೇರಿರುವುದಷ್ಟೆ. ಆ ಸೀಮೆಯ ಸಾತಳ್ಳಿಯಲ್ಲಿ, ಬಿಳಿಯ ತೋಟಗಾರರು ಇತ್ತ ಕಾಲಿಡುವುದಕ್ಕೆ ಬಹು ಮುಂಚೆಯೇ, ಒಬ್ಬ ಫ್ರೆಂಚ್ ಪಾದ್ರಿಗಳು ಬಡವರಿಗೆ ಬೇಸಾಯದ ನೆಲೆಯನ್ನು ಕಲ್ಪಿಸಿಕೊಟ್ಟಿದ್ದರು. ಜನರು ಅವರನ್ನು 'ದೊಡ್ಡ ಸ್ವಾಮಿಯವರು' ಎಂದು ಕರೆದರು. ಅವರ ಹುಟ್ಟುಹೆಸರು ಜಾನ್ ಆಂತ್ವಾನ್ ದುಬ್ವಾ.

ಫ್ರಾನ್ಸ್ ದೇಶದಲ್ಲಿ ರಾಜ್ಯಕ್ರಾಂತಿಯು ಭುಗಿಲೆದ್ದಿದ್ದ 1792ರಲ್ಲಿ ಇವರು ಗುರುದೀಕ್ಷೆಯನ್ನು ಹೊಂದಿ, ಅದೇ ವರ್ಷ ಭರತಖಂಡಕ್ಕೆ ಹೊರಟರು. ಇಲ್ಲಿಗೆ ಬಂದವರು ತಮ್ಮವರ ಸಹವಾಸವನ್ನು ಬಿಟ್ಟು, ದೇಶೀಯರ ಉಡುಗೆಯನ್ನುಟ್ಟು, ದೇಶೀಯರ ನಡೆಯನ್ನು ಹಿಡಿದರು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಅಲ್ಲಿ ಚದುರಿಹೋಗಿದ್ದ ಕ್ರೈಸ್ತ ಸಭೆಯನ್ನು ಮತ್ತೆ ಕೂಡಿಸುವ ಭಾರವು ಇವರ ಮೇಲೆ ಬಿದ್ದಿತು. ಹೀಗೆ ಮೈಸೂರು ಸೀಮೆಗೆ ಬಂದವರು 1823ರವರೆಗೂ ದಕ್ಷಿಣದೇಶದಲ್ಲಿಯೇ ಉಳಿದರು.

ಪ್ರಕೃತ ನಾನು ಹೇಳಬೇಕೆಂದಿರುವುದು ಅವರ ಸಿಡುಬಿನ ದಾಕಿನ ಸಂಗತಿ. ಜೆನ್ನರ್ ಎಂಬ ಆಂಗ್ಲ ವೈದ್ಯನು 1796ರಲ್ಲಿ ಗೋಸಿಡುಬಿನ ರಸದಿಂದ ಈ ವ್ಯಾಧಿಯನ್ನು ತಡೆಯುವ ಉಪಾಯವನ್ನು ಪರೀಕ್ಷಿಸಿದನು. ಆ ರಸವು 1802ನೆಯ ಜೂನ್ ತಿಂಗಳಲ್ಲಿ ಮುಂಬಯಿಯನ್ನು ಮುಟ್ಟಿತು. ಮುಟ್ಟಿದ ಬಗೆಯನ್ನು ವಾಚಕ ಮಹಾಶಯರು ಗಮನಿಸಬೇಕು. ಆಗ ಹಿಮಪೆಟ್ಟಿಗೆಗಳಿರಲಿಲ್ಲ, ಬಿಸಿಲಿಗೆ ರಸವು ಕೆಟ್ಟುಹೋಗುತ್ತಿದ್ದಿತು. ಆದಕಾರಣ ಒಂದು ಮಗುವಿನ ತೋಳಿಗೆ ದಾಕು ಹಾಕಿ, ಎಂಟನೆಯ ದಿನದ ಸುಮಾರಿಗೆ ಅಲ್ಲಿ ಎದ್ದ ಗುಳ್ಳೆಯಿಂದ ರಸವನ್ನು ತೆಗೆದು ಮತ್ತೊಂದು ಮಗುವಿನ ತೋಳಿಗೆ, ಅಲ್ಲಿಂದ ಮೂರನೆಯದಕ್ಕೆ ದಾಟಿಸಬೇಕಾಗಿದ್ದಿತು. ತನಗೆ ಬಂದುದನ್ನು ಇನ್ನೊಬ್ಬರಿಗೆ ಕೊಡದೆ ಒಂದು ತೋಳು ಹಿಂದೆ ಸರಿದರೆ ಸರಪಣಿ ಅಲ್ಲಿಗೇ ತುಂಡಾಗುತ್ತಿದ್ದಿತು.

ನಮ್ಮ ದೇಶದ ಮಡಿಮೈಲಿಗೆಯ ಕಟ್ಟುಗಳನ್ನು ಬಲ್ಲವರಿಗೆ ಇದು ಎಂತಹ ಕಠಿಣ ಪರೀಕ್ಷೆಯಾಗಿದ್ದಿತೆಂದು ವಿವರಿಸಬೇಕಾಗಿಲ್ಲ. ಯಾರೋ ಕೇರಿಯ ಕೂಸಿನ ಮೈಯ ನೀರು ನಮ್ಮ ಕೂಸಿನ ರಕ್ತದಲ್ಲಿ ಸೇರಬೇಕು! ಮೇಲಾಗಿ ಸಿಡುಬು ರೋಗವಲ್ಲ, ಅಮ್ಮನ ಆಗಮನ. ಆಕೆಯನ್ನು ತಡೆದರೆ ಮುನಿದಾಳೆಂಬ ಭಯ. ಅಂತಹ ಕಾಲದಲ್ಲಿ ದುಬ್ವಾ ಪಾದ್ರಿಗಳು ಈ ಕಾರ್ಯಕ್ಕೆ ಮುಂದಾದರು. 1803–04ರ ಅವಧಿಯಲ್ಲಿ 25,432 ಮಂದಿಗೆ ದಾಕು ಹಾಕಿ ಲೆಕ್ಕದಲ್ಲಿ ಬರೆಸಲಾಯಿತು.

ಈ ಅಂಕಿಯ ಪಕ್ಕದಲ್ಲಿ ಮತ್ತೊಂದನ್ನು ಇಟ್ಟು ನೋಡೋಣ. 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ ಅವರು, ಇಪ್ಪತ್ತೈದು ವರ್ಷಗಳ ಪ್ರಯಾಸದಿಂದ ತಾವು ಮತಕ್ಕೆ ಸೇರಿಸಿದವರು ಇನ್ನೂರು ಮುನ್ನೂರರ ನಡುವೆ ಎಂದೂ, ಅವರಲ್ಲಿಯೂ ಹೆಚ್ಚಿನವರು ಬೇರೆ ಗತಿಯಿಲ್ಲದವರೆಂದೂ ಒಪ್ಪಿಕೊಂಡಿದ್ದಾರೆ. ಹಿಂದೂಗಳು ಕ್ರೈಸ್ತರಾಗುವುದು ಅಸಾಧ್ಯವೆಂದೇ ಅವರ ತೀರ್ಮಾನ. ಇದಕ್ಕಾಗಿ ಪ್ರಾಟೆಸ್ಟಂಟ್ ಪಾದ್ರಿಗಳು ಅವರ ಮೇಲೆ ಹರಿಹಾಯ್ದು, 1824ರಲ್ಲಿ ಖಂಡನಗ್ರಂಥಗಳನ್ನೇ ಬರೆದರು. ಆದರೆ ತನ್ನ ಮತಕ್ಕೆ ಬಾರದವರೆಂದು ನಿಶ್ಚಯಿಸಿಕೊಂಡ ಜನರ ಮಕ್ಕಳನ್ನು ಉಳಿಸಲು ಒಬ್ಬನು ಏಕೆ ದುಡಿಯಬೇಕು? ವ್ಯಾಪಾರಬುದ್ಧಿಗೆ ಇದು ತಿಳಿಯುವ ಮಾತಲ್ಲ.

ಅವರ ಶಾಸ್ತ್ರದಲ್ಲಿ ಇದಕ್ಕೆ ಉತ್ತರವುಂಟು. ಪ್ರೀತಿಯು ಮನುಷ್ಯನಿಂದ ಆರಂಭವಾದುದಲ್ಲ, ದೇವರು ಮೊದಲು ಪ್ರೀತಿಸಿದನು, ನೆರೆಯವನನ್ನು ಪ್ರೀತಿಸುವುದು ಅದಕ್ಕೆ ಕೊಡುವ ಮಾರುತ್ತರ ಎಂಬುದು ಯೋಹಾನನ ಮೊದಲನೆಯ ಪತ್ರಿಕೆಯ ಸಾರ. ಪಾಠಶಾಲೆಯಲ್ಲಿ ಓದಿದ ನನಗೆ ಇದನ್ನು ಕೇಳಿದಾಗ ನಮ್ಮ ಋಣತ್ರಯದ ನೆನಪಾಗುವುದು. ಋಷಿಋಣವನ್ನು ಋಷಿಗಳಿಗೇ ಹಿಂದಿರುಗಿಸಲು ಯಾರಿಂದಲೂ ಆಗದು. ನಾನು ಕಲಿತುದನ್ನು ನನ್ನ ಶಿಷ್ಯರಿಗೆ ಕಲಿಸಿದರೆ ಅದು ಸಂದಾಯವಾದಂತೆ. ಸಾಲ ಕೊಟ್ಟವನು ಹಿಂದೆ, ತೀರಿಸಬೇಕಾದುದು ಮುಂದೆ. ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಋಣವೆಂಬುದು ಕರ್ತವ್ಯ, ಅವರು ಹೇಳುವುದು ಪ್ರೀತಿ. ಲೆಕ್ಕವಿಡುವುದು ಒಂದರ ಸ್ವಭಾವ, ಲೆಕ್ಕ ಮರೆಯುವುದು ಇನ್ನೊಂದರದು.

ದೊಡ್ಡ ಸ್ವಾಮಿಯವರನ್ನು ನಿರ್ದೋಷಿಗಳೆಂದು ಹೊಗಳುವುದು ನನ್ನ ಉದ್ದೇಶವಲ್ಲ. ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತ ಅವರ ಪ್ರಸಿದ್ಧ ಗ್ರಂಥದಲ್ಲಿ ನಮ್ಮವರ ಮೇಲೆ, ವಿಶೇಷವಾಗಿ ಬ್ರಾಹ್ಮಣರ ಮೇಲೆ, ಕಟುವಾದ ಮಾತುಗಳು ಹೇರಳವಾಗಿವೆ. ಅದನ್ನು ಮೊದಲು ಓದಿದಾಗ ನನಗೆ ಸಿಟ್ಟು ಬಂದಿತೆಂಬುದನ್ನು ಮುಚ್ಚಿಡಲಾರೆ. ಆ ಗ್ರಂಥದ ಬಹುಭಾಗವು ಅವರಿಗಿಂತ ಹಿಂದೆ ಇದ್ದ ಕೂರ್ದೂ ಎಂಬ ಜೆಸುಯಿಟ್ ಪಾದ್ರಿಯ ಬರೆಹವನ್ನು ಆಧರಿಸಿದುದೆಂದು ಸಿಲ್ವಿಯಾ ಮುರ್ ಎಂಬ ವಿದುಷಿಯು 1987ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ತಿಳಿದುಬಂದಿದೆ. ಸ್ವದೇಶಕ್ಕೆ ಮರಳಿದ ಮೇಲೆ 1826ರಲ್ಲಿ ನಮ್ಮ ಪಂಚತಂತ್ರವನ್ನು ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದವರೂ ಇವರೇ. ಬೈದವನೇ ಕಥೆಯನ್ನೂ ಹೊತ್ತುಕೊಂಡು ಹೋದನು ನೋಡಿ! 1848ರಲ್ಲಿ ಅವರು ಪ್ಯಾರಿಸ್ ನಗರದಲ್ಲಿ ತೀರಿಕೊಂಡರು. ಗ್ರಂಥದ ಕೀರ್ತಿಯಲ್ಲಿ ಪಾಲು ಬೇರೆಯವರಿಗೆ ಹೋಯಿತು. ದಾಕಿನ ಲೆಕ್ಕವನ್ನು ಯಾರೂ ಅಲ್ಲಗಳೆದಿಲ್ಲ.

ಸಿಡುಬು ಈಗ ಲೋಕದಲ್ಲಿಲ್ಲ. ನಮ್ಮ ದೇಶದಲ್ಲಿ ಅದು ಕಡೆಯದಾಗಿ ಕಂಡುದು 1975ರಲ್ಲಿ. 1980ರಲ್ಲಿ ಅದು ಭೂಮಂಡಲದಿಂದಲೇ ತೊಲಗಿತೆಂದು ಘೋಷಿಸಲಾಯಿತು. ನಾನು ಹುಡುಗನಾಗಿದ್ದಾಗ ದಾಕು ಹಾಕುವವರು ಕಳಸದ ಕಡೆಯ ನಮ್ಮ ಹಳ್ಳಿಗೆ ಬಂದಿದ್ದರು. ಅಜ್ಜಿ ನನ್ನನ್ನು ಅಡಕೆ ಒಣಹಾಕುವ ಅಟ್ಟದಲ್ಲಿ ಬಚ್ಚಿಟ್ಟರು. ತಂದೆಯವರು ಕೈಹಿಡಿದು ಇಳಿಸಿ, ತೋಟದ ಲೈನಿನ ಮಕ್ಕಳ ಸಾಲಿನಲ್ಲಿ ನಿಲ್ಲಿಸಿದರು. ನನ್ನ ಮುಂದೆ ನಿಂತು ಅಳುತ್ತಿದ್ದವಳು ಕೂಲಿಯಾಳುಗಳ ಕ್ರೈಸ್ತ ಹುಡುಗಿ. ಹೋದ ವರ್ಷ ಮೂಡಿಗೆರೆಯ ಸಂತೆಯಲ್ಲಿ ಆಕೆ ಸಿಕ್ಕಿದ್ದರು. ಈಗ ಮೊಮ್ಮಕ್ಕಳ ಅಜ್ಜಿ. ಹಳೆಯ ಮಾತು ಬಂದಿತು. ಆಕೆ ನಗುತ್ತ ಸೆರಗನ್ನು ಸರಿಸಿ ಎಡದೋಳಿನ ಕಲೆಯನ್ನು ತೋರಿಸಿದರು. ನಾನೂ ಅಂಗಿಯ ತೋಳನ್ನು ಮಡಿಚಿದೆನು.