ಹಲ್ಲು ಕೀಳುವ ಚಿಕಿತ್ಸೆಯ ಇತಿಹಾಸ

ಹಲ್ಲನ್ನು ದವಡೆಯ ಗುಳಿಯಿಂದ ಬೇರುಸಹಿತ ಹೊರತೆಗೆಯುವುದು ದಂತವೈದ್ಯದ ಅತಿ ಹಳೆಯ ಶಸ್ತ್ರಕ್ರಿಯೆಗಳಲ್ಲಿ ಒಂದು. ಉಳಿಸಲಾಗದಷ್ಟು ಹುಳುಕಾದ ಹಲ್ಲು, ವಸಡಿನ ರೋಗದಿಂದ ಅಲ್ಲಾಡುವ ಹಲ್ಲು, ಅಡ್ಡವಾಗಿ ಸಿಕ್ಕಿಕೊಂಡು ಬಾವು ತರುವ ಬುದ್ಧಿಹಲ್ಲು ಇವನ್ನು ಸಾಮಾನ್ಯವಾಗಿ ಕೀಳಲಾಗುತ್ತದೆ.

ಸುಶ್ರುತಸಂಹಿತೆಯ ಶಸ್ತ್ರಗಳ ಪಟ್ಟಿಯಲ್ಲಿ ದಂತಶಂಕು ಎಂಬ ಹಲ್ಲಿನ ಉಪಕರಣದ ಹೆಸರಿದೆ. ಸುಮಾರು 1000ನೇ ಇಸವಿಯಲ್ಲಿ ಸ್ಪೇನಿನ ಕಾರ್ಡೋಬಾದ ವೈದ್ಯ ಅಲ್ ಜಹ್ರಾವಿ ಹಲ್ಲಿನ ಉಪಕರಣಗಳ ಚಿತ್ರ ಕೊಟ್ಟದ್ದಲ್ಲದೆ, ರೋಗಿ ತೋರಿಸಿದ ಹಲ್ಲೇ ನೋಯುತ್ತಿರುವ ಹಲ್ಲೆಂದು ನಂಬಿ ಕೀಳಬಾರದೆಂದು ಎಚ್ಚರಿಸಿದ. ಯುರೋಪಿನಲ್ಲಿ ಬಹುಕಾಲ ಈ ಕೆಲಸ ಕ್ಷೌರಿಕರ ಹಾಗೂ ಸಂತೆಗಳಲ್ಲಿ ಹಲ್ಲು ಕೀಳುವವರ ಕೈಯಲ್ಲಿತ್ತು. 18ನೇ ಶತಮಾನದಲ್ಲಿ ಬಳಕೆಗೆ ಬಂದ ‘ಹಲ್ಲಿನ ಕೀಲಿಕೈ’ಯ ಕೊಕ್ಕೆಯನ್ನು ಹಲ್ಲಿಗೆ ಸಿಕ್ಕಿಸಿ, ಹಿಡಿಯನ್ನು ತಿರುಗಿಸುತ್ತಿದ್ದರು. ಹಲ್ಲು ಪಕ್ಕಕ್ಕೆ ವಾಲಿ ಕಿತ್ತುಬರುತ್ತಿತ್ತು; ಎಷ್ಟೋ ಸಲ ಹಲ್ಲೇ ತುಂಡಾಗುತ್ತಿತ್ತು, ದವಡೆಯ ಎಲುಬೂ ಬಿರಿಯುತ್ತಿತ್ತು. 1840ರ ದಶಕದಲ್ಲಿ ಲಂಡನ್ನಿನ ಜಾನ್ ಟೋಮ್ಸ್ ಆಯಾ ಹಲ್ಲಿನ ಬುಡದ ಆಕಾರಕ್ಕೆ ಹೊಂದುವ ಇಕ್ಕಳಗಳನ್ನು ರೂಪಿಸಿದ ಮೇಲೆ ಕೀಲಿಕೈ ಕ್ರಮೇಣ ಹಿಂದೆ ಸರಿಯಿತು.

ನೋವಿನ ಸಮಸ್ಯೆಗೂ ಅದೇ ದಶಕದಲ್ಲಿ ಪರಿಹಾರ ಸಿಕ್ಕಿತು. 1844ರ ಡಿಸೆಂಬರ್ 11ರಂದು ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ದಂತವೈದ್ಯ ಹೊರೇಸ್ ವೆಲ್ಸ್ ನೈಟ್ರಸ್ ಆಕ್ಸೈಡ್ ಅನಿಲವನ್ನು ಉಸಿರಾಡಿ ತನ್ನದೇ ಹಲ್ಲು ಕೀಳಿಸಿಕೊಂಡ. 1846ರಲ್ಲಿ ಬೋಸ್ಟನ್ನಿನ ವಿಲಿಯಂ ಮಾರ್ಟನ್ ಈಥರ್ ಬಳಸಿ ಹಲ್ಲು ಕಿತ್ತು, ಎರಡೇ ವಾರಗಳಲ್ಲಿ ಆಸ್ಪತ್ರೆಯ ಶಸ್ತ್ರಚಿಕಿತ್ಸೆಯಲ್ಲೂ ಅದನ್ನು ಪ್ರಯೋಗಿಸಿದ. ರೋಗಿಯ ಎಚ್ಚರ ತಪ್ಪಿಸದೆ ದವಡೆಯನ್ನಷ್ಟೇ ಮರಗಟ್ಟಿಸುವ ವಿಧಾನ 1884ರಲ್ಲಿ ಕೊಕೇನ್ ಚುಚ್ಚುಮದ್ದಿನಿಂದ ಆರಂಭವಾಯಿತು. ಚಟ ಹಿಡಿಸುವ ಕೊಕೇನ್‌ನ ಜಾಗಕ್ಕೆ 20ನೇ ಶತಮಾನದ ಆರಂಭದಲ್ಲಿ ಪ್ರೊಕೇನ್, ಆಮೇಲೆ 1943ರಲ್ಲಿ ಸ್ವೀಡನ್ನಿನಲ್ಲಿ ತಯಾರಾದ ಲಿಡೊಕೇನ್ ಬಂದವು.

1895ರಲ್ಲಿ ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದ ಮರುವರ್ಷವೇ ಜರ್ಮನಿಯ ದಂತವೈದ್ಯ ಒಟ್ಟೊ ವಾಲ್ಕಾಫ್ ತನ್ನ ಹಲ್ಲುಗಳ ಚಿತ್ರ ತೆಗೆಸಿಕೊಂಡ. ಅದಕ್ಕೆ 25 ನಿಮಿಷ ಹಿಡಿಯಿತು. ಬೇರಿನ ತುದಿಯ ಕೀವು, ಎಲುಬಿನೊಳಗೆ ಹುದುಗಿದ ಬುದ್ಧಿಹಲ್ಲಿನ ಓರೆ, ನರದಿಂದ ಅದಕ್ಕಿರುವ ಅಂತರ ಇವೆಲ್ಲ ಕೀಳುವ ಮೊದಲೇ ತಿಳಿಯುವಂತಾಯಿತು.

ಭಾರತದಲ್ಲಿ ರಫಿಯುದ್ದೀನ್ ಅಹ್ಮದ್ 1920ರಲ್ಲಿ ಕಲ್ಕತ್ತೆಯಲ್ಲಿ ದಂತವೈದ್ಯ ಕಾಲೇಜು ತೆರೆದರು; 1948ರ ದಂತವೈದ್ಯರ ಕಾಯಿದೆ ಈ ವೃತ್ತಿಗೆ ನೋಂದಣಿಯ ಚೌಕಟ್ಟು ಕೊಟ್ಟಿತು.

ಟೈಟಾನಿಯಂ ಎಲುಬಿನೊಂದಿಗೆ ಬೆಸೆದುಕೊಳ್ಳುತ್ತದೆ ಎಂಬುದನ್ನು ಗುರುತಿಸಿದ ಸ್ವೀಡನ್ನಿನ ಪೆರ್ ಇಂಗ್ವಾರ್ ಬ್ರೋನೆಮಾರ್ಕ್, 1965ರಲ್ಲಿ ಮೊದಲ ರೋಗಿಗೆ ಇಂಪ್ಲಾಂಟ್ (ಕೃತಕ ಹಲ್ಲುಬೇರು) ಕೂರಿಸಿದರು. ಹಲ್ಲು ಹೋದ ಜಾಗಕ್ಕೆ ಭದ್ರವಾದ ಬದಲಿ ಹಲ್ಲು ಹೀಗೆ ಸಾಧ್ಯವಾದರೂ ಕೀಳುವ ನಿರ್ಧಾರ ಬಿಗಿಯಾಗುತ್ತಲೇ ಬಂದಿದೆ. ಬೇರುನಾಳದ ಚಿಕಿತ್ಸೆಯಿಂದ ಉಳಿಯುವ ಹಲ್ಲನ್ನು ಉಳಿಸುವುದು ರೂಢಿ. ಸಿಕ್ಕಿಕೊಂಡಿದ್ದರೂ ರೋಗವಿಲ್ಲದ ಬುದ್ಧಿಹಲ್ಲನ್ನು ಮುಂಜಾಗ್ರತೆಯ ಹೆಸರಿನಲ್ಲಿ ಕೀಳಬಾರದೆಂದು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2000ನೇ ಇಸವಿಯಲ್ಲಿ ಸೂಚಿಸಿತು.