ಬೇರೆ ಬೇರೆ ಕಾರ್ಯಾಚರಣಾ ವ್ಯವಸ್ಥೆಗಳಲ್ಲಿ ಪೈಥಾನ್ ಟರ್ಮಿನಲ್ ಸರ್ವರ್

ಬಂಗಾರಪೇಟೆ ಜಂಕ್ಷನ್ನಿನಲ್ಲಿ ದಶಕಗಳ ಕಾಲ ಎರಡು ಅಳತೆಯ ಹಳಿಗಳಿದ್ದವು. ಬೆಂಗಳೂರು-ಮದರಾಸು ಮಾರ್ಗ ಬ್ರಾಡ್‌ಗೇಜ್. ಕೋಲಾರದ ಮಾರ್ಗ ಎರಡೂವರೆ ಅಡಿಯ ನ್ಯಾರೋಗೇಜ್. ಪ್ರಯಾಣಿಕರು ಇಲ್ಲಿ ಇಳಿದು ಗಾಡಿ ಬದಲಿಸಬೇಕಿತ್ತು. 1990ರ ದಶಕದಲ್ಲಿ ಕೋಲಾರದ ಹಳಿಯೂ ಬ್ರಾಡ್‌ಗೇಜ್ ಆದ ಮೇಲೆ ಈ ತೊಂದರೆ ನೀಗಿತು. ಮನೆಯಲ್ಲಿ ವಿಂಡೋಸ್, ಕಚೇರಿಯಲ್ಲಿ ಲಿನಕ್ಸ್ ಬಳಸುವ ತಂತ್ರಾಂಶ ಪರಿಣತರಿಗೆ ಎದುರಾಗುವ ತೊಡಕೂ ಇಂಥದೇ.

ಏನಿದು?
ಒಂದು ಕಂಪ್ಯೂಟರಿಗೆ ಇನ್ನೊಂದರಿಂದ ಜಾಲದ ಮೂಲಕ ಆದೇಶ ನೀಡಲು ನೆರವಾಗುವ ತಂತ್ರಾಂಶವೇ ಟರ್ಮಿನಲ್ ಸರ್ವರ್. 1991ರಲ್ಲಿ ಹೊರಬಂದ ಪೈಥಾನ್ ಭಾಷೆಯಲ್ಲಿ ಇದನ್ನು ಕೆಲವೇ ಸಾಲುಗಳಲ್ಲಿ ಬರೆಯಬಹುದು.

ತೊಡಕು ಎಲ್ಲಿ?
ಪೈಥಾನ್‌ನ ಪಿಟಿವೈ, ಟರ್ಮಿಯೋಸ್, ಎಫ್‌ಸಿಎನ್‌ಟಿಎಲ್ ಘಟಕಗಳು ಯುನಿಕ್ಸ್ ಪರಂಪರೆಯ ವ್ಯವಸ್ಥೆಗಳಿಗಷ್ಟೇ ಸಲ್ಲುತ್ತವೆ. ಲಿನಕ್ಸ್, ಮ್ಯಾಕ್‌ಗಳಲ್ಲಿ ಸರಾಗವಾಗಿ ನಡೆದ ತಂತ್ರಾಂಶ ವಿಂಡೋಸ್‌ನಲ್ಲಿ ಆರಂಭದ ಸಾಲುಗಳಲ್ಲೇ ನಿಂತುಬಿಡುತ್ತದೆ. ಸೆಲೆಕ್ಟ್ ಎಂಬ ಆದೇಶ ವಿಂಡೋಸ್‌ನಲ್ಲಿ ಜಾಲದ ಸಾಕೆಟ್‌ಗಳನ್ನು ಮಾತ್ರ ಗಮನಿಸಬಲ್ಲದು, ಕೀಲಿಮಣೆಯನ್ನಲ್ಲ. ಕಿಟಕಿಯ ಗಾತ್ರ ಬದಲಾದುದನ್ನು ತಿಳಿಸುವ ಯುನಿಕ್ಸ್ ಸಂಕೇತವೂ ಅಲ್ಲಿಲ್ಲ.

ಪರಿಹಾರ
2018ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ಕಾನ್‌ಪಿಟಿವೈ ಎಂಬ ಸೌಲಭ್ಯವನ್ನು ಸೇರಿಸಿತು. ಪೈವಿನ್‌ಪಿಟಿವೈ ಎಂಬ ಮುಕ್ತ ತಂತ್ರಾಂಶದ ಮೂಲಕ ಪೈಥಾನ್ ಅದನ್ನು ಬಳಸಬಲ್ಲದು. ಆದ್ದರಿಂದ ಜಾಲಕ್ಕೆ ಸಂಬಂಧಿಸಿದ ಭಾಗವನ್ನು ಎಲ್ಲ ವ್ಯವಸ್ಥೆಗಳಿಗೂ ಒಂದೇ ಆಗಿರಿಸಿ, ಟರ್ಮಿನಲ್ ಭಾಗವನ್ನು ಮಾತ್ರ ಎರಡು ಕಡತಗಳಲ್ಲಿ ಬರೆಯುವುದು ಉತ್ತಮ. ತೆರೆ, ಓದು, ಬರೆ, ಗಾತ್ರ ಬದಲಿಸು, ಮುಚ್ಚು ಎಂಬ ಐದು ಕ್ರಿಯೆಗಳಿಗೆ ಎರಡರಲ್ಲೂ ಒಂದೇ ಹೆಸರಿರಬೇಕು. ಯಾವ ವ್ಯವಸ್ಥೆಯೆಂಬುದನ್ನು ಪೈಥಾನ್ ತಾನೇ ತಿಳಿಸುತ್ತದೆ. ಅದಕ್ಕೆ ತಕ್ಕ ಕಡತವನ್ನಷ್ಟೇ ಆರಂಭದಲ್ಲಿ ಕರೆದುಕೊಂಡರೆ ಸಾಕು. ಓದುವ ಕೆಲಸವನ್ನು ಪ್ರತ್ಯೇಕ ಥ್ರೆಡ್‌ಗೆ ವಹಿಸಿದರೆ ಸೆಲೆಕ್ಟ್‌ನ ಮಿತಿಯೂ ಬಾಧಿಸದು.

ಕನ್ನಡಿಗರು ಗಮನಿಸಬೇಕಾದ ಅಂಶ ಇನ್ನೊಂದಿದೆ. ಯುಟಿಎಫ್-8 ಸಂಕೇತದಲ್ಲಿ ಕನ್ನಡದ 'ಕ' ಅಕ್ಷರಕ್ಕೆ 3 ಬೈಟ್ ಬೇಕು; 'ಕಿ' ಎಂದು ಬರೆಯಲು 6. ಜಾಲದಲ್ಲಿ ಮಾಹಿತಿ ತುಂಡುತುಂಡಾಗಿ ಬರುವಾಗ ಅಕ್ಷರ ನಡುವೆ ಮುರಿದು ಪ್ರಶ್ನಾರ್ಥಕ ಚಿಹ್ನೆಯಾಗಬಹುದು. ಅಪೂರ್ಣ ಬೈಟ್‌ಗಳನ್ನು ಮುಂದಿನ ತುಂಡು ಬರುವವರೆಗೆ ಕಾದಿರಿಸುವ ಡಿಕೋಡರ್ ಪೈಥಾನ್‌ನಲ್ಲಿಯೇ ಇದೆ.

ಎಚ್ಚರಿಕೆ
ಗುಪ್ತಪದವಿಲ್ಲದ ಟರ್ಮಿನಲ್ ಸರ್ವರ್ ಬೀಗವಿಲ್ಲದ ಮನೆಯಿದ್ದಂತೆ. ಅದನ್ನು ತಲುಪಿದ ಯಾರೇ ಆದರೂ ಕಡತಗಳನ್ನು ಓದಬಹುದು, ಅಳಿಸಬಹುದು. ಆದ್ದರಿಂದ 127.0.0.1 ವಿಳಾಸಕ್ಕಷ್ಟೇ ಅದನ್ನು ಸೀಮಿತಗೊಳಿಸಿ, ದೂರದಿಂದ ಬಳಸಲು ಎಸ್‌ಎಸ್‌ಎಚ್ ಸುರಂಗವನ್ನು ಆಶ್ರಯಿಸುವುದು ಕ್ಷೇಮ. ಪ್ರತಿಯೊಂದು ವ್ಯವಸ್ಥೆಯಲ್ಲೂ ಪರೀಕ್ಷಿಸಿದ ಬಳಿಕವೇ ತಂತ್ರಾಂಶವನ್ನು ಇತರರಿಗೆ ನೀಡಬೇಕು.