ಬಾಗಿದರೂ ಬಿಡದ ಲೇಪ: ಬಣ್ಣದ ಸತುಲೇಪಿತ ಉಕ್ಕಿನ ಸುರುಳಿಗಳ ಚರಿತ್ರೆ

ಅಂಗಡಿಗಳಲ್ಲಿ ‘ಕಲರ್ ಶೀಟು’ ಎಂದು ಮಾರುವ ವಸ್ತು ಕಾರ್ಖಾನೆಯಿಂದ ಹೊರಡುವುದು ಸುರುಳಿಯ ರೂಪದಲ್ಲಿ. ಅರ್ಧ ಮಿಲಿಮೀಟರ್ ಆಸುಪಾಸಿನ ದಪ್ಪದ ಉಕ್ಕಿನ ಪಟ್ಟಿಗೆ ಮೊದಲು ಸತುವಿನ ಲೇಪ ಕೊಡುತ್ತಾರೆ. ಅದರ ಮೇಲೆ ಪ್ರೈಮರ್, ಪ್ರೈಮರಿನ ಮೇಲೆ ಬಣ್ಣ. ಇಷ್ಟೆಲ್ಲ ಮುಗಿದ ಮೇಲೆ ಪಟ್ಟಿಯನ್ನು ಸುತ್ತಿ ಟನ್ನುಗಟ್ಟಲೆ ತೂಕದ ಕಾಯಿಲ್ ಮಾಡುತ್ತಾರೆ. ಶೀಟಿನ ಏಣು, ತಗ್ಗುಗಳು ಮೂಡುವುದು ಆಮೇಲೆ, ಉರುಳೆಗಳ ಸಾಲಿರುವ ಯಂತ್ರದಲ್ಲಿ. ಲೋಹದ ಕೆಲಸದ ಹಳೆಯ ಕ್ರಮ ಇದಕ್ಕೆ ತದ್ವಿರುದ್ಧ. ಮೊದಲು ಕತ್ತರಿಸಿ, ಬಗ್ಗಿಸಿ, ಜೋಡಿಸಿ, ಎಲ್ಲ ಮುಗಿದ ಮೇಲೆ ಬಣ್ಣ ಬಳಿಯುವುದು ಕಮ್ಮಾರಸಾಲೆಯಿಂದ ಕಾರ್ಖಾನೆಯವರೆಗೂ ನಡೆದುಬಂದ ರೂಢಿ. ಆ ಕ್ರಮ ತಲೆಕೆಳಗಾದದ್ದು ಹೇಗೆ ಎಂಬುದು ಈ ಲೇಖನದ ಪ್ರಶ್ನೆ. ಸಾಮಾನ್ಯವಾಗಿ ಈ ವಸ್ತುವಿನ ಚರಿತ್ರೆಯನ್ನು ಬಣ್ಣದ ಚರಿತ್ರೆಯಾಗಿ ಹೇಳುತ್ತಾರೆ. ಬಾಗಿಸಿದರೂ ಬಿರಿಯದ, ಕಿತ್ತುಬರದ ಲೇಪಕ್ಕಾಗಿ ನಡೆದ ಹುಡುಕಾಟವೇ ಇದರ ನಿಜವಾದ ಚರಿತ್ರೆ ಎಂಬುದು ನನ್ನ ವಾದ.

ಮೊದಲ ಅಧ್ಯಾಯ ಸತುವಿನದು, ಅದು ಆರಂಭವಾಗುವುದು ರಾಜಸ್ಥಾನದಲ್ಲಿ. ಸತುವನ್ನು ಅದಿರಿನಿಂದ ಬಿಡಿಸುವುದು ಕಷ್ಟದ ಕೆಲಸ. 907 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಆವಿಯಾಗುತ್ತದೆ, ಆ ಆವಿಗೆ ಗಾಳಿ ತಗುಲಿದರೆ ಮತ್ತೆ ಬೂದಿಯಂಥ ಆಕ್ಸೈಡು. ಉದಯಪುರದ ಬಳಿಯ ಜಾವರ್‌ನ ಕುಶಲಕರ್ಮಿಗಳು ಬದನೆಕಾಯಿ ಆಕಾರದ ಮಣ್ಣಿನ ಮೂಸೆಗಳನ್ನು ತಲೆಕೆಳಗಾಗಿ ನಿಲ್ಲಿಸಿ, ಮೇಲೆ ಬೆಂಕಿ ಹಾಕಿ, ಆವಿ ಕೆಳಗಿಳಿದು ತಣ್ಣನೆಯ ಪಾತ್ರೆಯಲ್ಲಿ ಲೋಹವಾಗುವಂತೆ ಮಾಡಿದರು. 1983ರ ಉತ್ಖನನದಲ್ಲಿ ಒಂದೊಂದರಲ್ಲೂ 36 ಮೂಸೆಗಳನ್ನಿಡುತ್ತಿದ್ದ ಕುಲುಮೆಗಳ ಸಾಲೇ ಸಿಕ್ಕಿತು. ಬ್ರಿಸ್ಟಲ್‌ನ ವಿಲಿಯಂ ಚಾಂಪಿಯನ್ ಸತುವಿನ ಬಟ್ಟಿ ಇಳಿಸುವಿಕೆಗೆ ಪೇಟೆಂಟ್ ಪಡೆದದ್ದು 1738ರಲ್ಲಿ. ಜಾವರ್‌ನಲ್ಲಿ ಅದಕ್ಕೆ ಶತಮಾನಗಳ ಹಿಂದೆಯೇ ದೊಡ್ಡ ಪ್ರಮಾಣದ ಉತ್ಪಾದನೆ ನಡೆದಿತ್ತು. ಉಕ್ಕಿನ ಲೇಪದ ಚರಿತ್ರೆ ಬರೆಯುವವರು ಯುರೋಪಿನಿಂದ ಶುರುಮಾಡಿ ಈ ಭಾಗವನ್ನು ಬಿಟ್ಟುಬಿಡುವುದು ನ್ಯಾಯವಲ್ಲ.

ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದುವ ವಿಧಾನವನ್ನು ಪಾಲ್ ಜಾಕ್ ಮಲೂಯಾಂ 1742ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟ. ಕೈಗಾರಿಕೆಯಾಗಿ ಅದು ಬೆಳೆದದ್ದು 1837ರಲ್ಲಿ ಸ್ಟಾನಿಸ್ಲಾಸ್ ಸೋರೆಲ್ ಪೇಟೆಂಟ್ ಪಡೆದ ನಂತರ. ಈ ಎರಡು ಘಟನೆಗಳ ನಡುವೆ ಸುಮಾರು ಒಂದು ಶತಮಾನದ ಅಂತರ ಏಕೆ? ಸತು ದುಬಾರಿಯಾಗಿತ್ತು ಎಂಬುದು ಒಂದು ಉತ್ತರ. ನನಗೆ ಹೆಚ್ಚು ಮುಖ್ಯವಾಗಿ ಕಾಣುವ ಕಾರಣ ಬೇರೆ. ಸತು ಕಬ್ಬಿಣವನ್ನು ಹೇಗೆ ಕಾಯುತ್ತದೆ ಎಂಬುದು ಮಲೂಯಾಂನ ಕಾಲಕ್ಕೆ ಗೊತ್ತಿರಲಿಲ್ಲ. ಹಂಫ್ರಿ ಡೇವಿ 1824ರಲ್ಲಿ ಬ್ರಿಟಿಷ್ ನೌಕಾಪಡೆಯ ಹಡಗುಗಳ ತಾಮ್ರದ ಹೊದಿಕೆಗೆ ಸತು, ಕಬ್ಬಿಣದ ತುಂಡುಗಳನ್ನು ತಗುಲಿಸಿ ತಾಮ್ರದ ಸವೆತವನ್ನು ನಿಲ್ಲಿಸಿ ತೋರಿಸಿದ. ಎರಡು ಲೋಹಗಳು ಒಂದಕ್ಕೊಂದು ತಾಗಿ ನೀರಿನಲ್ಲಿದ್ದರೆ, ಹೆಚ್ಚು ಚುರುಕಾದದ್ದು ತಾನು ಸವೆದು ಇನ್ನೊಂದನ್ನು ಉಳಿಸುತ್ತದೆ ಎಂಬ ತತ್ವ ಅಲ್ಲಿಂದ ಗಟ್ಟಿಯಾಯಿತು. ಸತುವಿನ ಲೇಪಕ್ಕೆ ಗೀರು ಬಿದ್ದರೂ ಕೆಳಗಿನ ಕಬ್ಬಿಣಕ್ಕೆ ಕೂಡಲೇ ತುಕ್ಕು ಹಿಡಿಯದಿರುವುದು ಇದರಿಂದಲೇ. ಬಣ್ಣ ಬಳಿದ ಸುರುಳಿಯನ್ನು ಎಲ್ಲಿ ಬೇಕಾದರೂ ಕತ್ತರಿಸಿ, ತೂತು ಕೊರೆದು ಬಳಸಲು ಸಾಧ್ಯವಾಗಿರುವುದೂ ಇದೇ ತತ್ವದ ಬಲದಿಂದ. ಕತ್ತರಿಸಿದ ಅಂಚಿನಲ್ಲಿ ಬಣ್ಣವಿರುವುದಿಲ್ಲ. ಬತ್ತಲೆ ಉಕ್ಕನ್ನು ಅಕ್ಕಪಕ್ಕದ ಸತುವೇ ಕಾಯಬೇಕು.

ಲಂಡನ್ ಹಡಗುಕಟ್ಟೆಯ ಎಂಜಿನಿಯರ್ ಹೆನ್ರಿ ಪಾಮರ್ 1829ರಲ್ಲಿ ಅಲೆಅಲೆಯಾಗಿ ಬಗ್ಗಿಸಿದ ಕಬ್ಬಿಣದ ತಗಡಿಗೆ ಪೇಟೆಂಟ್ ಪಡೆದಿದ್ದ. ತೆಳು ತಗಡು ಅಲೆಯಾಕಾರ ಪಡೆದರೆ ಕಂಬ, ತೊಲೆಗಳ ಕೆಲಸವನ್ನು ತಾನೇ ಅರ್ಧ ಮಾಡುತ್ತದೆ ಎಂಬುದು ಅವನ ಶೋಧ. ಸೋರೆಲ್‌ನ ಸತು ಇದಕ್ಕೆ ಕೂಡಿಕೊಂಡಾಗ ಹತ್ತೊಂಬತ್ತನೆಯ ಶತಮಾನದ ‘ಸತುವಿನ ತಗಡು’ ಹುಟ್ಟಿತು. ಅದು ಹಡಗೇರಿ ಎಲ್ಲೆಡೆ ಹೋಯಿತು. ಚಿನ್ನದ ಆಸೆಗೆ ಜನ ಮುಗಿಬಿದ್ದ ಆಸ್ಟ್ರೇಲಿಯಾದಲ್ಲಿ ಬ್ರಿಟನ್ನಿನಿಂದ ಬಿಡಿಭಾಗಗಳಾಗಿ ಬಂದ ಕಬ್ಬಿಣದ ಮನೆಗಳು ಎದ್ದುನಿಂತವು. ಅಂಥ ಕೆಲವು ಮನೆಗಳು ದಕ್ಷಿಣ ಮೆಲ್ಬರ್ನ್‌ನಲ್ಲಿ ಇಂದಿಗೂ ಇವೆ. ಆದರೆ ಆ ತಗಡಿಗೊಂದು ಮಿತಿಯಿತ್ತು. ಒಂದೊಂದೇ ಹಾಳೆಯನ್ನು ಆಮ್ಲದಲ್ಲಿ ತೊಳೆದು ಸತುವಿನ ಕೊಪ್ಪರಿಗೆಯಲ್ಲಿ ಅದ್ದಿದಾಗ ಕಬ್ಬಿಣ, ಸತುಗಳ ನಡುವೆ ಪೆಡಸಾದ ಮಿಶ್ರಲೋಹದ ಪದರವೊಂದು ದಪ್ಪವಾಗಿ ಬೆಳೆಯುತ್ತಿತ್ತು. ಅಗಲವಾದ ಅಲೆಗಳಿಗೆ ಅದು ತಾಳಿಕೊಂಡರೂ ಚೂಪಾಗಿ ಮಡಿಸಿದರೆ ಸತು ಹಕ್ಕಳೆಯಾಗಿ ಉದುರುತ್ತಿತ್ತು. ಸತುವೇ ಉದುರುವ ಕಡೆ ಅದರ ಮೇಲಿನ ಬಣ್ಣ ನಿಲ್ಲುವುದಾದರೂ ಹೇಗೆ?

ಈ ಗಂಟನ್ನು ಬಿಡಿಸಿದವನು ತಾದೆಯುಷ್ ಸೆಂಡ್ಜಿಮಿರ್. 1894ರಲ್ಲಿ ಲ್ವೂವ್ ನಗರದಲ್ಲಿ ಹುಟ್ಟಿದ ಈ ಪೋಲಿಷ್ ಎಂಜಿನಿಯರ್ ಮೊದಲ ಮಹಾಯುದ್ಧದ ಕಾಲದ ಅಲೆದಾಟದಲ್ಲಿ ಶಾಂಘೈ ಸೇರಿ, ಅಲ್ಲಿ ಮೊಳೆ, ಸ್ಕ್ರೂಗಳ ಕಾರ್ಖಾನೆ ನಡೆಸಿದವನು. ಸತು ಸರಿಯಾಗಿ ಅಂಟದಿರುವುದಕ್ಕೆ ಉಕ್ಕಿನ ಮೇಲಿನ ಕಣ್ಣಿಗೆ ಕಾಣದ ಆಕ್ಸೈಡಿನ ಪೊರೆಯೇ ಕಾರಣ ಎಂದು ಅವನು ಗುರುತಿಸಿದ. ಆಮ್ಲದಲ್ಲಿ ತೊಳೆದರೂ ಗಾಳಿ ತಾಗಿದೊಡನೆ ಆ ಪೊರೆ ಮತ್ತೆ ಮೂಡುತ್ತದೆ. ಆದ್ದರಿಂದ ಅವನು ತೊಳೆಯುವ ಕ್ರಮವನ್ನೇ ಬದಲಿಸಿದ. ಉಕ್ಕಿನ ಪಟ್ಟಿ ಎಡೆಬಿಡದೆ ಹರಿಯುತ್ತ ಮೊದಲ ಕುಲುಮೆಯಲ್ಲಿ ತನ್ನ ಮೇಲಿನ ಎಣ್ಣೆಯನ್ನು ಸುಟ್ಟುಕೊಳ್ಳುತ್ತದೆ. ಮುಂದಿನ ಕುಲುಮೆಯಲ್ಲಿ ಹೈಡ್ರೋಜನ್ ಇರುವ ಅನಿಲ ಅದರ ಆಕ್ಸೈಡನ್ನು ಕಳೆಯುತ್ತದೆ, ಅದೇ ಕಾವಿಗೆ ಉಕ್ಕು ಮೆತ್ತಗಾಗುತ್ತದೆ. ಬಳಿಕ ಹೊರಗಾಳಿ ಸೋಕದಂತೆ ಪಟ್ಟಿ ನೇರ ಸತುವಿನ ಕೊಳಕ್ಕೆ ಇಳಿಯುತ್ತದೆ. ಪೋಲೆಂಡಿನಲ್ಲಿ 1930ರ ದಶಕದ ಆರಂಭದಲ್ಲಿ ಪರೀಕ್ಷೆಗೊಳಗಾದ ಈ ವಿಧಾನವನ್ನು ಅದೇ ದಶಕದಲ್ಲಿ ಅಮೆರಿಕದ ಆರ್ಮ್ಕೊ ಕಂಪನಿ ಪೆನ್ಸಿಲ್ವೇನಿಯಾದ ಬಟ್ಲರ್‌ನಲ್ಲಿ ಅಳವಡಿಸಿಕೊಂಡಿತು. ಸುಮಾರು 460 ಡಿಗ್ರಿ ಕಾವಿನ ಆ ಕೊಳಕ್ಕೆ ಶೇ. 0.2ರಷ್ಟು ಅಲ್ಯುಮಿನಿಯಂ ಸೇರಿಸಿದರೆ ಪೆಡಸು ಪದರ ಬೆಳೆಯುವುದೇ ನಿಲ್ಲುತ್ತದೆ. ಫಲವಾಗಿ ಸಿಕ್ಕ ಸತುವಿನ ಲೇಪ ತೆಳುವಾಗಿತ್ತು, ಸಮವಾಗಿತ್ತು, ಉಕ್ಕು ಎಷ್ಟು ಬಾಗಿದರೆ ತಾನೂ ಅಷ್ಟೇ ಬಾಗುತ್ತಿತ್ತು. ಈ ವಸ್ತುವಿನ ಚರಿತ್ರೆಯಲ್ಲಿ ಒಂದೇ ಒಂದು ತಿರುವನ್ನು ಆರಿಸಬೇಕಾದರೆ ನಾನು ಆರಿಸುವುದು ಇದನ್ನು.

ಇದೇ ದಶಕದಲ್ಲಿ ಅಮೆರಿಕದಲ್ಲಿ ಇನ್ನೊಂದು ಕೆಲಸ ಬೇರೆಯೇ ಕಡೆ ನಡೆದಿತ್ತು. ಕಿಟಕಿಗೆ ಹಾಕುವ ವೆನೀಷಿಯನ್ ಬ್ಲೈಂಡ್‌ಗಳ ಕಿರಿದಾದ ಲೋಹದ ಪಟ್ಟಿಗಳಿಗೆ ಒಂದೊಂದಾಗಿ ಬಣ್ಣ ಬಳಿಯುವ ಬದಲು, ಸುರುಳಿ ಬಿಚ್ಚಿ, ಬಣ್ಣ ಹಚ್ಚಿ, ಒಲೆಯಲ್ಲಿ ಹಾಯಿಸಿ, ಮತ್ತೆ ಸುತ್ತುವ ಯಂತ್ರಗಳು ಅಲ್ಲಿ ಬಂದವು. ಬಣ್ಣದ ಸುರುಳಿಯ ಉದ್ಯಮದ ಮೂಲ ಇಷ್ಟು ಸಣ್ಣದು. ಯುದ್ಧದ ನಂತರ ಪಟ್ಟಿಯ ಅಗಲ ಹೆಚ್ಚಿತು, ಮನೆಯ ಹೊರಗೋಡೆಯ ಹೊದಿಕೆ ದೊಡ್ಡ ಮಾರುಕಟ್ಟೆಯಾಯಿತು. 1962ರಲ್ಲಿ ಅಮೆರಿಕದಲ್ಲಿ, 1967ರಲ್ಲಿ ಯುರೋಪಿನಲ್ಲಿ ಸುರುಳಿಗೆ ಬಣ್ಣ ಲೇಪಿಸುವ ಕಂಪನಿಗಳ ಸಂಘಗಳು ಹುಟ್ಟಿದವು.

ಇಂದಿನ ಲೈನುಗಳೂ ಮೂಲತಃ ಹಾಗೆಯೇ ಕೆಲಸ ಮಾಡುತ್ತವೆ. ಒಂದು ಸುರುಳಿಯ ಬಾಲಕ್ಕೆ ಮುಂದಿನದರ ತಲೆಯನ್ನು ಜೋಡಿಸಿ, ಪಟ್ಟಿ ನಿಲ್ಲದಂತೆ ನೋಡಿಕೊಳ್ಳುತ್ತಾರೆ. ಜಿಡ್ಡು ತೊಳೆದ ಮೇಲೆ ಬಣ್ಣ ಹಿಡಿಯಲೆಂದು ರಾಸಾಯನಿಕ ಪೂರ್ವಲೇಪ ಕೊಡುತ್ತಾರೆ. ಬಹುಕಾಲ ಇದಕ್ಕೆ ಕ್ರೋಮೇಟ್ ಬಳಸುತ್ತಿದ್ದರು. ಅದರ ವಿಷಗುಣದಿಂದಾಗಿ ಈಗ ಕ್ರೋಮಿಯಂ ಇಲ್ಲದ ಲೇಪಗಳು ಬರುತ್ತಿವೆ. ರಬ್ಬರಿನ ಉರುಳೆಗಳು ಸುಮಾರು 5 ಮೈಕ್ರಾನ್ ಪ್ರೈಮರನ್ನೂ ಅದು ಒಣಗಿದ ಮೇಲೆ 15ರಿಂದ 20 ಮೈಕ್ರಾನ್ ಬಣ್ಣವನ್ನೂ ಹಚ್ಚುತ್ತವೆ. ಒಲೆಯಲ್ಲಿ ಪಟ್ಟಿ ಇರುವುದು ಅರ್ಧ ನಿಮಿಷದ ಆಸುಪಾಸು. ಅಷ್ಟರಲ್ಲಿ ಲೋಹದ ಕಾವು 220, 240 ಡಿಗ್ರಿಗಳಿಗೆ ಏರಿ ಬಣ್ಣ ಬೇಯುತ್ತದೆ. ಆವಿಯಾಗುವ ದ್ರಾವಕವನ್ನು ಹೊರಬಿಡದೆ ಸುಟ್ಟು, ಆ ಶಾಖವನ್ನು ಒಲೆಗೇ ತಿರುಗಿಸುತ್ತಾರೆ. ಕಟ್ಟಡದ ಮೇಲೆ ನಿಂತು ಬಣ್ಣ ಸಿಂಪಡಿಸುವಾಗ ಈ ಅನುಕೂಲವಿಲ್ಲ.

ಬಣ್ಣ ಗಟ್ಟಿಯಾಗಿದ್ದರೆ ಗೀರು ಬೀಳುವುದಿಲ್ಲ, ಆದರೆ ಮಡಿಸಿದಾಗ ಸೀಳುತ್ತದೆ. ಮೆತ್ತಗಿದ್ದರೆ ಮಡಿಕೆಗೆ ಒಗ್ಗುತ್ತದೆ, ಆದರೆ ಸಾಗಾಟದಲ್ಲಿಯೇ ತರಚುತ್ತದೆ. ಬಣ್ಣದ ರಸಾಯನವಿಜ್ಞಾನಿಗಳು ದಶಕಗಳ ಕಾಲ ಹೆಣಗಿದ್ದು ಈ ಇಕ್ಕಟ್ಟಿನೊಡನೆ. ಇಂದು ಹೆಚ್ಚು ಬಳಕೆಯಲ್ಲಿರುವ ಪಾಲಿಯೆಸ್ಟರ್ ಬಣ್ಣ ಅವರು ಕಂಡುಕೊಂಡ ರಾಜಿ. ಬಿಸಿಲಿಗೆ ಇನ್ನಷ್ಟು ತಾಳಲೆಂದು ಅದಕ್ಕೆ ಸಿಲಿಕೋನ್ ಕೂಡಿಸಿದ ಬಗೆಯೊಂದಿದೆ. 1960ರ ದಶಕದಲ್ಲಿ ಬಂದ ಪಿವಿಡಿಎಫ್ ಎಂಬ ಫ್ಲೋರಿನ್ ಬಣ್ಣ ಬಿಸಿಲಿಗೆ ಮಾಸದೆ ಉಳಿಯುವುದರಲ್ಲಿ ಎಲ್ಲವನ್ನೂ ಮೀರಿಸಿತು. ಬೆಲೆಯಲ್ಲಿಯೂ ಮೀರಿಸಿತು. ಲೇಪಿತ ತಗಡನ್ನು ತನ್ನ ಮೇಲೇ ಮಡಿಸಿ, ಮಡಿಕೆಯಲ್ಲಿ ಬಿರುಕಿದೆಯೇ ಎಂದು ನೋಡುವ ಪರೀಕ್ಷೆ ಇಂದಿಗೂ ಪ್ರತಿ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನಡೆಯುತ್ತದೆ. ಫ್ರಿಜ್, ವಾಷಿಂಗ್ ಮೆಷಿನ್‌ಗಳ ಹೊರಮೈಗೆ ಬಣ್ಣದ ಸುರುಳಿಯನ್ನೇ ಮಡಿಸಿ ಬಳಸುತ್ತಿರುವುದು ಈ ಪರೀಕ್ಷೆ ಗೆದ್ದುದರಿಂದ. ಶೀತಲಗೃಹಗಳ ಗೋಡೆಗೆ ಎರಡು ಬಣ್ಣದ ತಗಡುಗಳ ನಡುವೆ ಪಫ್ (ಪಾಲಿಯುರೆಥೇನ್ ನೊರೆ) ತುಂಬಿದ ಪ್ಯಾನೆಲುಗಳನ್ನು ಹಾಕುವುದೂ ಇದೇ ಬಲದಿಂದ.

ಆಸ್ಟ್ರೇಲಿಯಾದಲ್ಲಿ ಜಾನ್ ಲೈಸಾಟ್ ಕಂಪನಿ 1966ರಲ್ಲಿ ಕಲರ್‌ಬಾಂಡ್ ಹೆಸರಿನ ಬಣ್ಣದ ಉಕ್ಕನ್ನು ತಂದು ಇಡೀ ದೇಶದ ಸೂರಿನ ರೂಪವನ್ನೇ ಬದಲಿಸಿತು. 1972ರಲ್ಲಿ ಅಮೆರಿಕದ ಬೆತ್ಲೆಹೆಮ್ ಸ್ಟೀಲ್ ಹೊಸ ಲೇಪವೊಂದನ್ನು ಮಾರುಕಟ್ಟೆಗೆ ಬಿಟ್ಟಿತು. ಅದರ ತೂಕದಲ್ಲಿ ಶೇ. 55 ಅಲ್ಯುಮಿನಿಯಂ, ಶೇ. 1.6ರಷ್ಟು ಸಿಲಿಕಾನ್, ಉಳಿದದ್ದು ಸತು. ಅಲ್ಯುಮಿನಿಯಂ ನಿಧಾನಕ್ಕೆ ಸವೆಯುತ್ತದೆ, ಸತು ಅಂಚುಗಳನ್ನು ಕಾಯುತ್ತದೆ. ಇಂದು ನಮ್ಮಲ್ಲಿ ಮಾರಾಟವಾಗುವ ಉತ್ತಮ ಕಲರ್ ಶೀಟುಗಳ ಒಡಲಲ್ಲಿರುವುದು ಬಹುಪಾಲು ಈ ಮಿಶ್ರಲೋಹ.

ಭಾರತದ ಮಾನಕ ಸಂಸ್ಥೆ ಬಣ್ಣದ ಸತುಲೇಪಿತ ಸುರುಳಿಗಳಿಗೆ ಐಎಸ್ 14246 ಎಂಬ ಮಾನಕವನ್ನು ಹೊರತಂದದ್ದು 1995ರಲ್ಲಿ, ಆರ್ಥಿಕ ಉದಾರೀಕರಣದ ಬೆನ್ನಲ್ಲೇ. 2005ರಲ್ಲಿ ಟಾಟಾ ಸ್ಟೀಲ್ ಮತ್ತು ಲೈಸಾಟ್‌ನ ವಾರಸುದಾರ ಕಂಪನಿಯಾದ ಆಸ್ಟ್ರೇಲಿಯಾದ ಬ್ಲೂಸ್ಕೋಪ್ ಕೂಡಿ ಕಂಪನಿ ಕಟ್ಟಿದಾಗ ಲೈಸಾಟ್ ಪರಂಪರೆ ನೇರವಾಗಿ ಇಲ್ಲಿಗೆ ಬಂತು. ಕರ್ನಾಟಕದಲ್ಲಿ ಈ ವಸ್ತು ಎದುರಿಸಿದ್ದು ಗಟ್ಟಿ ಎದುರಾಳಿಯನ್ನು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗಿನಿಂದ ಕರಾವಳಿ, ಮಲೆನಾಡುಗಳ ಮಾಡನ್ನು ಆಳಿದ್ದು ಮಂಗಳೂರು ಹಂಚು. ಅದು ತಂಪು, ಮಳೆಯ ಸದ್ದನ್ನು ನುಂಗುತ್ತದೆ, ತಲೆಮಾರುಗಟ್ಟಲೆ ಬಾಳುತ್ತದೆ. ಈ ಗುಣಗಳಲ್ಲಿ ಶೀಟು ಅದಕ್ಕೆ ಸಾಟಿಯಲ್ಲ. ಆದರೆ ಚದರ ಮೀಟರಿಗೆ ಸುಮಾರು 4 ಕಿಲೋ ತೂಗುವ ಶೀಟಿಗೆ ಪಕಾಸು, ರೀಪುಗಳ ಮರದ ಹಂದರ ಬೇಕಿಲ್ಲ, ಕಬ್ಬಿಣದ ಪೈಪುಗಳು ಸಾಕು. ಒಳ್ಳೆಯ ಮರ ಕೈಗೆಟುಕದಾಗಿ, ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವ ಆಳುಗಳು ಸಿಗದಾಗಿ, ಮಂಗಗಳ ಕಾಟ ಹೆಚ್ಚಾದಾಗ ಹಂಚು ಸೋತಿತು. ಅಡಿಕೆ ಬೆಳೆಗಾರರು ಅಂಗಳಕ್ಕೇ ಮಾಡು ಹಾಕಿಸಿಕೊಂಡದ್ದು ಶೀಟು ತಂದ ಹೊಸ ಸಾಧ್ಯತೆ. ಅಷ್ಟು ಅಗಲದ ಹಂಚಿನ ಮಾಡನ್ನು ಕಟ್ಟಿಸುವ ಶಕ್ತಿ ಸಣ್ಣ ಹಿಡುವಳಿದಾರರಿಗೆ ಇರಲಿಲ್ಲ.

ಇಲ್ಲಿನ ಹವೆ ಲೇಪವನ್ನು ಕಠಿಣವಾಗಿ ಪರೀಕ್ಷಿಸುತ್ತದೆ. ಕಡಲ ಉಪ್ಪು ಮಳೆ ಬೀಳುವ ಮೇಲ್ಮೈಯಿಂದ ತೊಳೆದುಹೋಗುತ್ತದೆ. ಮಳೆ ತಾಗದ ಸೂರಿನ ಅಡಿಯಲ್ಲಿ ಅದು ಉಳಿದು ಅಲ್ಲಿಯೇ ತುಕ್ಕನ್ನು ಆರಂಭಿಸುತ್ತದೆ. ಕೊಟ್ಟಿಗೆಯಲ್ಲಿ ಸಗಣಿ, ಗಂಜಲದಿಂದೇಳುವ ಅಮೋನಿಯಾ ಒಳಮೈಯನ್ನು ತಿನ್ನುತ್ತದೆ, ಅಲ್ಲಿರುವ ಬಣ್ಣವಾದರೋ ಮೇಲಿನದಕ್ಕಿಂತ ತೀರ ತೆಳು. ಇನ್ನೊಂದು ಹಾನಿ ನಾವೇ ಮಾಡುವಂಥದು. ಶೀಟನ್ನು ತಿರುಗುವ ಕಟಿಂಗ್ ಬ್ಲೇಡಿನಿಂದ ಕತ್ತರಿಸಿದಾಗ ಅಂಚಿನ ಸತು ಸುಡುತ್ತದೆ, ಹಾರಿದ ಕಾದ ಚೂರುಗಳು ಬಣ್ಣಕ್ಕೆ ಕಚ್ಚಿಕೊಂಡು ಮೊದಲ ಮಳೆಗೇ ಕೆಂಪು ಚುಕ್ಕೆಗಳಾಗುತ್ತವೆ. ಒಂದು ಶತಮಾನದ ಎಂಜಿನಿಯರಿಂಗ್ ಹೀಗೆ ಅರೆಗಳಿಗೆಯಲ್ಲಿ ಹಾಳಾಗುವುದನ್ನು ನೋಡಲು ಸಂಕಟವಾಗುತ್ತದೆ.

ಕೊಳ್ಳುವವರು ಬಣ್ಣ ನೋಡಿ, ದಪ್ಪ ಕೇಳಿ ಒಪ್ಪಿಕೊಳ್ಳುತ್ತಾರೆ. ಅಂಗಡಿಯವರು ಹೇಳುವ 0.50 ಮಿ.ಮೀ. ಹೆಚ್ಚಿನ ಸಲ ಎಲ್ಲ ಲೇಪಗಳೂ ಸೇರಿದ ದಪ್ಪ, ಒಳಗಿನ ಉಕ್ಕು 0.42ರ ಆಸುಪಾಸು ಇರಬಹುದು. ಮಾಡಿನ ಆಯಸ್ಸನ್ನು ನಿರ್ಧರಿಸುವ ಸಂಖ್ಯೆ ಬೇರೊಂದಿದೆ. ಝಡ್ 275 ಎಂದರೆ ಎರಡೂ ಮೈ ಸೇರಿ ಚದರ ಮೀಟರಿಗೆ 275 ಗ್ರಾಂ ಸತು. ಎಝಡ್ 150 ಎಂದರೆ 150 ಗ್ರಾಂ ಅಲ್ಯುಮಿನಿಯಂ-ಸತು ಮಿಶ್ರಲೋಹ. ಎರಡರಲ್ಲೂ ಒಂದೊಂದು ಮೈಯ ಲೇಪದ ದಪ್ಪ ಸುಮಾರು 20 ಮೈಕ್ರಾನ್. ಇದಕ್ಕಿಂತ ಬಹಳ ಕಡಿಮೆ ಲೇಪದ ಶೀಟೂ ಅದೇ ಬಣ್ಣದಲ್ಲಿ, ಅದೇ ಹೊಳಪಿನಲ್ಲಿ ಸಿಗುತ್ತದೆ. ಶೀಟು ಹಾಕಿಸುವವರು ಲೇಪದ ಈ ಸಂಖ್ಯೆ, ಉಕ್ಕಿನ ನಿಜದ ದಪ್ಪ, ಮಾನಕದ ಗುರುತು ಮೂರನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ಕೆಲಸದವರಿಗೆ ಕತ್ತರಿಯಿಂದಲೇ ಕತ್ತರಿಸಿ ಎಂದು ಹೇಳಬೇಕು, ಸಂಜೆ ಅವರು ಇಳಿಯುವ ಮೊದಲು ಮಾಡಿನ ಮೇಲಿನ ಲೋಹದ ಚೂರುಗಳನ್ನೆಲ್ಲ ಗುಡಿಸಿ ತೆಗೆಸಬೇಕು.